ತೊರಕೆ (ಬಾಲದಲ್ಲಿ ನಂಜಿನ ಮುಳ್ಳಿರುವ ಚಪ್ಪಟೆ ಮೀನು, ಸ್ಟಿಂಗ್‌ರೇ) ಮುಳ್ಳು ಚುಚ್ಚಿದರೆ ಮೊದಲು ಏನು ಮಾಡಬೇಕು?

ಪ್ರಶ್ನೆ (ಮಾಜಾಳಿ, ಕಾರವಾರ): ಡಾಕ್ಟ್ರೇ, ನಿನ್ನೆ ಬೆಳಿಗ್ಗೆ ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆಯುವಾಗ ನನ್ನ ತಮ್ಮ ತೊರಕೆ ಮೀನು ತುಳಿದ. ಮುಳ್ಳು ಪಾದಕ್ಕೆ ಚುಚ್ಚಿತು. ಒಬ್ಬರು ಕಾಲಿಗೆ ಹಗ್ಗ ಬಿಗಿದರು, ಇನ್ನೊಬ್ಬರು ಐಸ್ ಇಟ್ಟರು. ಉರಿ ಮೊಣಕಾಲಿನ ಮೇಲೂ ಏರಿತು, ರಾತ್ರಿಯಿಡೀ ನಿದ್ದೆಯಿಲ್ಲ. ನಾವು ಮಾಡಿದ್ದು ಸರಿಯಾ?

ಉತ್ತರ: ಎರಡೂ ಬೇಡವಾಗಿತ್ತು ತಂಗಿ. ಹಗ್ಗ ಬಿಗಿದರೆ ರಕ್ತ ಓಡಾಟ ನಿಂತು ಕಾಲಿಗೇ ಕುತ್ತು. ಈ ನಂಜಿಗೆ ಬೇಕಾದದ್ದು ಬಿಸಿನೀರು. ತೊರಕೆಯ ನಂಜಿನಲ್ಲಿರುವುದು ಪ್ರೋಟೀನು, ಅದು ಕಾವಿಗೆ ಕೆಡುತ್ತದೆ. ಗಾಯ ತೊಳೆದು, ರಕ್ತ ಬರುತ್ತಿದ್ದರೆ ಬಟ್ಟೆಯಿಂದ ಒತ್ತಿ ನಿಲ್ಲಿಸಿ, ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ ಪಾದ ಮುಳುಗಿಸಿಡಿ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಆರಿದ ಹಾಗೆ ಬಿಸಿನೀರು ಬೆರೆಸಿ, ಆದರೆ ಕಾಲು ಹೊರಗೆ ತೆಗೆದ ಮೇಲೆ.

ಪ್ರಶ್ನೆ: ದಂಡೆಯ ಮೇಲೆ ಥರ್ಮಾಮೀಟರ್ ಎಲ್ಲಿ ಸಿಗುತ್ತೆ ಸರ್?

ಉತ್ತರ: ಬೇಡ. ಚುಚ್ಚದ ಇನ್ನೊಂದು ಕಾಲನ್ನು ಮೊದಲು ಇಟ್ಟು ನೋಡಿ. ಅದು ತಡೆದರೆ ಸರಿ. ಇದನ್ನು ಒತ್ತಿ ಹೇಳುತ್ತೇನೆ: ನೋವಿನಲ್ಲಿರುವವನಿಗೆ ಚುಚ್ಚಿದ ಕಾಲಿನ ಬಿಸಿ ಗೊತ್ತಾಗುವುದಿಲ್ಲ. ಕುದಿಯುವ ನೀರಿನಲ್ಲಿ ಕಾಲಿಟ್ಟು ಬೊಬ್ಬೆ ಎದ್ದು ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ, ಮುಳ್ಳಿನ ಗಾಯಕ್ಕಿಂತ ಆ ಸುಟ್ಟಗಾಯ ಆರಲು ಹೆಚ್ಚು ದಿನ ಹಿಡಿಯಿತು. ಸಕ್ಕರೆ ಕಾಯಿಲೆಯವರಿದ್ದರೆ ಬೇರೆಯವರೇ ನೀರು ಮುಟ್ಟಿ ನೋಡಬೇಕು.

ಪ್ರಶ್ನೆ (ಅಂಕೋಲಾ): ಬಲೆ ಬಿಡಿಸುವಾಗ ಶೆಡೆ ಮೀನಿನ (ಕ್ಯಾಟ್‌ಫಿಶ್) ಮುಳ್ಳು ಬೆರಳಿಗೆ ತಾಗಿದರೂ ಇದೇ ಉಪಾಯವೇ? ಮುಳ್ಳು ಒಳಗೇ ಉಳಿದರೆ?

ಉತ್ತರ: ಹೌದು ಅಣ್ಣ, ಇದೇ. ಉಂಗುರ ಇದ್ದರೆ ತಕ್ಷಣ ತೆಗೆಯಿರಿ, ಬೆರಳು ಊದಿದ ಮೇಲೆ ಬರುವುದಿಲ್ಲ. ಮೇಲೆ ಕಾಣುವ ಸಣ್ಣ ಚೂರನ್ನು ಚಿಮಟದಿಂದ ತೆಗೆಯಬಹುದು. ಆಳಕ್ಕೆ ನೆಟ್ಟಿದ್ದರೆ ಎಳೆಯಬೇಡಿ, ತೊರಕೆ ಮುಳ್ಳಿಗೆ ಗರಗಸದಂತೆ ಹಿಮ್ಮುಖ ಹಲ್ಲುಗಳಿರುತ್ತವೆ. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರಂತೂ ಮುಳ್ಳು ಅಲುಗಾಡದಂತೆ ಹಿಡಿದು ನೇರ ಆಸ್ಪತ್ರೆಗೆ.

ಮಾಜಾಳಿಯ ತಂಗಿ, ನಿಮ್ಮ ತಮ್ಮನನ್ನು ಇವತ್ತೇ ಕರೆದುಕೊಂಡು ಹೋಗಿ. ಚೂರು ಉಳಿದಿದೆಯಾ ಎಂದು ಎಕ್ಸ್‌ರೇ ತೆಗೆಸಿ, ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ಕೇಳಿ. ಸಮುದ್ರದ ನೀರಿನ ಗಾಯ ಬೇಗ ಕೀವಾಗುತ್ತದೆ. ಕೆಂಪು ಮೇಲಕ್ಕೆ ಹರಡಿದರೆ, ಜ್ವರ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ಹಾವಿನ ಇಂಜೆಕ್ಷನ್ ಇದಕ್ಕೆ ನಡೆಯುವುದಿಲ್ಲ, ಅದನ್ನು ಕೊಡಿ ಎಂದು ಹಟ ಹಿಡಿಯಬೇಡಿ.

ಪ್ರಶ್ನೆ (ಮಾಜಾಳಿ): ಈಗಲೇ ಹೊರಟೆವು ಡಾಕ್ಟ್ರೇ. ನಾಳೆಯಿಂದ ನೀರಿಗಿಳಿಯುವವರಿಗೆ ಏನು ಹೇಳಲಿ?

ಉತ್ತರ: ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆಯಲು ಹೇಳಿ. ಆ ಅಲುಗಾಟಕ್ಕೆ ತೊರಕೆ ತಾನೇ ಸರಿದು ಹೋಗುತ್ತದೆ. ದಂಡೆಯಲ್ಲಿ ಒಂದು ಫ್ಲಾಸ್ಕ್ ಬಿಸಿನೀರು, ಒಂದು ಬಕೆಟ್ ಇಟ್ಟುಕೊಳ್ಳಿ.