ಸವಕಳಿ, ಕೊಚ್ಚಣೆ, ಕೊರಕಲು: ನಕ್ಷೆಯ ಮೇಲೆ ಯಾವ ಪದ?

ನದಿಯ ಜಲಾನಯನದಲ್ಲಿ, ಅಂದರೆ ನದಿಗೆ ನೀರು ಹರಿದು ಬರುವ ಪ್ರದೇಶದಲ್ಲಿ, ಎಲ್ಲೆಲ್ಲಿ ಮಣ್ಣು ಜಾಸ್ತಿ ಕೊಚ್ಚಿಹೋಗಬಹುದು ಎಂದು ತೋರಿಸುವ ಡಿಜಿಟಲ್ ನಕ್ಷೆಯೊಂದಕ್ಕೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

'ಜಲಾನಯನ'ದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಜಾಗದಲ್ಲಿ 'ಅಚ್ಚುಕಟ್ಟು' ಎಂದು ಬರೆದದ್ದನ್ನು ನೋಡಿದಾಗ ಬೇಸರವಾಗುತ್ತದೆ. ಅಚ್ಚುಕಟ್ಟು ಅಂದರೆ ಕೆರೆಯ ನೀರು ಹರಿದು ಬೆಳೆ ತೆಗೆಯುವ ಕೆಳಗಿನ ಜಮೀನು. ಕೆರೆಗೆ ನೀರು ಬಂದು ಸೇರುವುದು ಮೇಲಿನಿಂದ. ದಿಕ್ಕೇ ತಲೆಕೆಳಗಾಯಿತಲ್ವಾ?

ನಿಜವಾದ ತೊಡಕು ಇರುವುದು ಸವಕಳಿಯಲ್ಲಿ. ಈ ನಕ್ಷೆಯನ್ನು ಆರ್‌ಯುಎಸ್‌ಎಲ್‌ಇ ಎಂಬ, ಮಣ್ಣಿನ ನಷ್ಟವನ್ನು ಅಂದಾಜಿಸುವ ಸೂತ್ರದಿಂದ ಮಾಡಿದ್ದಾರೆ. ವಿಶ್‌ಮೈಯರ್ ಮತ್ತು ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಗಳ ಹಳೆಯ ಸೂತ್ರವನ್ನು ತಿದ್ದಿ ಮಾಡಿದ್ದು ಇದು. ಮಳೆಯ ಹೊಡೆತ, ಮಣ್ಣಿನ ಸ್ವಭಾವ, ಇಳಿಜಾರು, ನೆಲದ ಮೇಲಿನ ಹಸಿರು, ಬದು ಹಾಕುವಂಥ ಕ್ರಮಗಳು, ಇವನ್ನೆಲ್ಲ ಗುಣಿಸಿದರೆ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಎಷ್ಟು ಟನ್ ಮಣ್ಣು ಹೋಗಬಹುದು ಎಂಬ ಅಂದಾಜು ಸಿಗುತ್ತದೆ. ಒಂದು ಹೆಕ್ಟೇರಿನಲ್ಲಿ 1 ಮಿಲಿಮೀಟರ್ ಮಣ್ಣು ಹೋದರೆ ಸುಮಾರು 13 ಟನ್. ಕಣ್ಣಿಗೆ ಕಾಣದಷ್ಟು ತೆಳು ಪದರ, ತೂಕ ನೋಡಿದರೆ ಗಾಬರಿಯಾಗುತ್ತದೆ! ಹೀಗೆ ಸುಮ್ನೆ ಪದರಪದರವಾಗಿ ತೆಳುವಾಗುವುದಕ್ಕೆ 'ಸವಕಳಿ' ಚೆನ್ನಾಗಿ ಹೊಂದುತ್ತದೆ.

ಆದರೆ ಸೂತ್ರ ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಜೋರು ಮಳೆ ಬಿದ್ದ ಮೇಲೆ ಹೊಲದಲ್ಲಿ ಬೆರಳಾಳದ ಸಣ್ಣ ಸಣ್ಣ ಹರಿವಿನ ಗುರುತು ಮೂಡುತ್ತವೆ, ಒಂದು ಸಲ ಉತ್ತರೆ ಮುಚ್ಚಿಹೋಗುತ್ತವೆ. ಇದಕ್ಕೆ ಏನನ್ನೋಣ? 'ಕೊರಕಲು' ಆಗುವುದಿಲ್ಲ. ಕೊರಕಲು ಉಳುಮೆಗೆ ಮುಚ್ಚುವುದಿಲ್ಲ, ಮೇಲಾಗಿ ಈ ಸೂತ್ರ ಕೊರಕಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಕ್ಷೆಯ ಮೇಲೆ ಆ ಪದ ಹಾಕಿದರೆ ಅಳೆಯದೇ ಇದ್ದದ್ದನ್ನು ಅಳೆದೆವು ಎಂದ ಹಾಗಾಗುತ್ತದೆ. 'ಕಿರುಗಾಲುವೆ' ಎಂದರೆ ಯಾರೋ ತೋಡಿದ ಹಾಗೆ ಕೇಳಿಸುತ್ತದೆ. ನನಗೆ ತೋಚಿದ್ದು 'ನೀರ್ಗೀರು'. ಗೀರು ಎಂದರೆ ಮೇಲ್ಮೈಯಲ್ಲಿ ಎಳೆದ ಗೆರೆ, ಆಳವಿಲ್ಲ, ಅಳಿಸಬಹುದು. ಸವಕಳಿ, ನೀರ್ಗೀರು ಎರಡನ್ನೂ ಸೇರಿಸಿ ಹೇಳುವಾಗ 'ಕೊಚ್ಚಣೆ' ಎನ್ನಬಹುದೆ?

ಕೊನೆಯದು ನಕ್ಷೆಯ ಕೆಂಪು ಬಣ್ಣದ ಪಕ್ಕದ ಮಾತು. ಕರಡಿನಲ್ಲಿ 'ತೀವ್ರ ಸವಕಳಿ ಪ್ರದೇಶ' ಎಂದಿದೆ. ಓದಿದವರು ಅಲ್ಲಿನ ಮಣ್ಣು ಆಗಲೇ ಹೋಗಿಬಿಟ್ಟಿದೆ ಎಂದುಕೊಳ್ಳುತ್ತಾರೆ. ಲೆಕ್ಕ ಹೇಳುತ್ತಿರುವುದು ಹೋಗಬಹುದು ಎಂದು ಮಾತ್ರ. ಅದೂ 30 ಮೀಟರ್ ಅಗಲದ ಚೌಕಗಳಲ್ಲಿ, ಒಂದೊಂದು ಚೌಕದಲ್ಲಿ ಒಂದು ಸಣ್ಣ ಹೊಲವೇ ಅಡಗಿರುತ್ತದೆ. ಅದಕ್ಕೇ 'ಸವಕಳಿಯ ಅಪಾಯ ಜಾಸ್ತಿ' ಎಂದು ತಿದ್ದಿದ್ದೇನೆ. 'ಸಂಭವ' ಎಂದೂ ಬರೆದು ನೋಡಿದೆ, ಅದರಲ್ಲಿ ಎಚ್ಚರಿಕೆಯ ದನಿ ಇಲ್ಲ.

'ನೀರ್ಗೀರು' ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಹೊಲದಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಆಗಲೇ ಒಂದು ಪದ ಇದ್ದರೆ ದಯವಿಟ್ಟು ತಿಳಿಸಿ, ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.