ಸಿ ಕ್ಲಾಸ್ ಮುಗೀತು, ಆದ್ರ "ವಿಕಟಕವಿ" ಪ್ಯಾಲಿಂಡ್ರೋಮ್ ಅಲ್ಲ ಅಂತೈತಿ ಕಂಪ್ಯೂಟರ್

ಗದಗ_ಟು_ಗದಗ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ. ಇಂಜಿನಿಯರಿಂಗ್ ಫಸ್ಟ್ ಸೆಮ್ ಮೊನ್ನೆ ಮುಗೀತು, ಸಿ ಪ್ರೋಗ್ರಾಮಿಂಗ್ ಒಳಗ ಮಾರ್ಕ್ಸ್ ಛಲೋನ ಬಂದಾವ, ಆದ್ರ ಖರೇ ಹೇಳಬೇಕಂದ್ರ ಅರ್ಧ ಬಾಯಿಪಾಠ. ಎಸ್ಸೆಸ್ಸೆಲ್ಸಿ ತನಕ ನಂದು ಕನ್ನಡ ಸಾಲಿ, ಕಂಪ್ಯೂಟರ್ ಅಂದ್ರ ಆಫೀಸ್ ರೂಮಿನಾಗ ಬಟ್ಟಿ ಹೊದಿಸಿ ಇಟ್ಟಿರ್ತಿದ್ದ ಒಂದು ಪೆಟ್ಟಿಗಿ ಅಷ್ಟ. ನಮ್ಮ ಕ್ಲಾಸಿನಾಗ ಬೆಂಗಳೂರು ಕಡೆ ಹುಡುಗೂರು ಎಂಟನೇ ಕ್ಲಾಸಿನಾಗ ಪೈಥಾನ್ ಮಾಡಿ ಬಂದಾರ, ಅವರು ಲ್ಯಾಬ್‌ನಾಗ ಹತ್ತು ನಿಮಿಷಕ್ಕ ಮುಗಿಸಿ ಮೊಬೈಲ್ ನೋಡ್ಕೋತ ಕುಂದ್ರತಿದ್ರು, ನಾನು ಸೆಮಿಕೋಲನ್ ಎಲ್ಲಿ ಬಿಟ್ಟೀನಿ ಅಂತ ಹುಡುಕೂದರಾಗ ಪೀರಿಯಡ್ ಮುಗೀತಿತ್ತು.

ಮೊದಲನೇ ಎರಡು ವಾರ ನಂಗ x = x + 1 ತಲಿಗೆ ಇಳೀಲೇ ಇಲ್ರಿ (ಎಕ್ಸ್ ಅಂತ ಓದ್ಕೋರಿ, ಗಣಿತದಾಗ ಹಿಂಗ ಬರದಿದ್ರ ನಮ್ಮ ಸಾಲಿ ಮಾಸ್ತರು ಕಿವಿ ಹಿಂಡ್ತಿದ್ರು). "ಈಕ್ವಲ್ ಟು" ಅಂದ್ರ ಸಮ ಅಲ್ಲ, ಬಲಗಡೆ ಇದ್ದದ್ದನ್ನ ಎಡಗಡೆ ಡಬ್ಬಿಯೊಳಗ ಹಾಕು ಅಂತ ಅಂದ್ಕೋ ಅಂತ ಬಾಜೂಕ ಕುಂತವ ಹೇಳಿದ ಮ್ಯಾಲ ಹೊಳೀತು. ಆಮ್ಯಾಲ ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್ ಪ್ರೋಗ್ರಾಂ, ಸೂತ್ರದಾಗ 5/9 ಮೊದಲ ಬರದಿದ್ದೆ, ಏನ್ ಕೊಟ್ರೂ ಸೊನ್ನೆ. 98.6 ಕೊಟ್ರ ಸೊನ್ನೆ, ಕುದಿಯೋ ನೀರು 212 ಕೊಟ್ರ ಸೊನ್ನೆ. ಐದನ್ನ ಒಂಬತ್ತರಿಂದ ಭಾಗಿಸಿದ್ರ ಪೂರ್ಣಾಂಕದ ಲೆಕ್ಕದಾಗ ಸೊನ್ನೇನ ಬರ್ತೈತಿ, 5.0 ಅಂತ ಬರೀಬೇಕಿತ್ತು. ಇದು ಯಾರೂ ಹೇಳ್ಲಿಲ್ಲ, ನಾನ ಒಂದೊಂದ ಸಾಲು ಪ್ರಿಂಟ್ ಮಾಡಿ ಹುಡುಕಿದ್ದು, ಇಡೀ ಸೆಮ್‌ನಾಗ ನಂಗ ಭಾಳ ಖುಷಿ ಆದದ್ದು ಅವತ್ತ.

ಈಗ ಪ್ರಶ್ನೆ. ಪ್ಯಾಲಿಂಡ್ರೋಮ್ ಪ್ರೋಗ್ರಾಂ ಐತಲ್ರಿ, ಹಿಂದ ಮುಂದ ಓದಿದ್ರೂ ಒಂದ ಆಗೂ ಶಬ್ದ, ಅದಕ್ಕ "ಮೇಡಂ" "ಲೆವೆಲ್" ಅಂತ ಇಂಗ್ಲಿಷ್ ಶಬ್ದ ಕೊಟ್ಟು ಔಟ್‌ಪುಟ್ ತೋರಿಸಿದ್ರ ಆತು. ನಾನು ಸುಮ್ನ ಇರಲಾರದ "ವಿಕಟಕವಿ" ಹಾಕಿದೆ. ಅಲ್ಲ ಅಂತು. ಉದ್ದ ಎಷ್ಟು ಅಂತ ಎಸ್‌ಟಿಆರ್‌ಲೆನ್ ಕೇಳಿದ್ರ 21! ನಾನು ಅರೇ (ಅಕ್ಷರ ಸಾಲಾಗಿ ಇಡೂ ಜಾಗ) ಇಟ್ಟಿದ್ದ 20. ಐದು ಅಕ್ಷರದ ಶಬ್ದಕ್ಕ 21 ಹೆಂಗ್ರಿ? ಆತು ಅಂತ ನಮ್ಮೂರು ಹೆಸರು ಕೊಟ್ಟೆ, ಗದಗ, ಅದಕ್ಕೂ ಅಲ್ಲ ಅಂತು, ಉದ್ದ 9. ಒಂದೊಂದ ಕ್ಯಾರೆಕ್ಟರ್ ನಂಬರ್ ಮಾಡಿ ಪ್ರಿಂಟ್ ಹೊಡೆಸಿದ್ರ -32 -78 -105 ಅಂತ ಬರ್ತಾವ. ಗದಗ ಮೈನಸ್ ಯಾವಾಗ ಆತೋ ಮಾರಾಯ್ರ.

ಸರ್‌ಗೆ ಕೇಳಿದೆ, "ಸಿಲೇಬಸ್‌ನಾಗ ಇಲ್ಲ, ಇಂಗ್ಲಿಷ್ ಕೊಡು" ಅಂದ್ರು. ಹಿಂದಿನ ಬೆಂಚಿನವರು ನಕ್ಕರು. ಇದು ಕೇಳಬಾರದ ಪ್ರಶ್ನೆ ಏನ್ರಿ?

---

ಕ್ಯಾಂಪಸ್_ಕಿಂಗ್

ಬ್ರೋ ತಪ್ಪು ತಿಳ್ಕೋಬೇಡ, ಆದ್ರೆ ಇದ್ರಲ್ಲಿ ಟೈಮ್ ವೇಸ್ಟ್ ಮಾಡ್ಬೇಡ. ಇಂಟರ್‌ವ್ಯೂನಲ್ಲಿ ವಿಕಟಕವಿ ಯಾರೂ ಕೇಳಲ್ಲ. ಮೊದ್ಲು ಪಾಯಿಂಟರ್, ಸ್ಟ್ರಕ್ಚರ್ ಸರಿಯಾಗಿ ಮಾಡ್ಕೋ, ಸೆಕೆಂಡ್ ಇಯರ್ ಡೇಟಾ ಸ್ಟ್ರಕ್ಚರ್ ಬಂದಾಗ ಅದೇ ಬೇಕಾಗೋದು. ಕನ್ನಡ ಸಪೋರ್ಟ್ ಆಗಲ್ಲ ಸಿ ನಲ್ಲಿ ಅಷ್ಟೇ.

---

ಹಾಸನದೋಳು

ಮೇಲಿನವರು ಹೇಳಿದ್ದು ಅರ್ಧ ಸರಿ, ಪಾಯಿಂಟರ್ ಕಲೀಲೇಬೇಕು. "ಕನ್ನಡ ಸಪೋರ್ಟ್ ಆಗಲ್ಲ" ಅನ್ನೋದು ಮಾತ್ರ ತಪ್ಪು. ಸಿ ಗೆ ಇಂಗ್ಲಿಷೂ ಗೊತ್ತಿಲ್ಲ ಕನ್ನಡಾನೂ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಬೈಟ್ (0 ರಿಂದ 255 ತನಕದ ಒಂದು ಸಂಖ್ಯೆ ಹಿಡಿಸೋ ಜಾಗ) ಅಷ್ಟೇ.

ನೋಡಿ, ಸಿ ಹುಟ್ಟಿದ್ದು 1970ರ ದಶಕದ ಶುರುವಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮಾಡಿದ್ದು. ಆಗ ಅಕ್ಷರ ಅಂದ್ರೆ ಆಸ್ಕಿ, ಒಟ್ಟು 128 ಸಂಕೇತ, ಒಂದೊಂದೂ ಒಂದು ಬೈಟಲ್ಲಿ ಆರಾಮಾಗಿ ಕೂರುತ್ತೆ. ಅದಕ್ಕೇ ಒಂದು ಬೈಟಿನ ಟೈಪಿಗೆ "ಕ್ಯಾರ್" ಅಂತ ಹೆಸರಿಟ್ಬಿಟ್ರು, ಆ ಹೆಸರೇ ನಿಮಗೆ ಮೋಸ ಮಾಡಿದ್ದು. ಈಗ ನಾವು ಬಳಸೋ ಯುಟಿಎಫ್-8 (ಎಲ್ಲಾ ಭಾಷೆ ಅಕ್ಷರಾನೂ ಬೈಟಲ್ಲಿ ಬರೆಯೋ ಪದ್ಧತಿ) ಬಂದಿದ್ದು 1992ರಲ್ಲಿ, ಕೆನ್ ಥಾಂಪ್ಸನ್ ಮತ್ತೆ ರಾಬ್ ಪೈಕ್ ನ್ಯೂಜೆರ್ಸಿಯಲ್ಲಿ ಒಂದು ಹೋಟೆಲಲ್ಲಿ ಊಟಕ್ಕೆ ಕೂತಾಗ ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ ಅದರ ಲೆಕ್ಕ ಗೀಚಿದ್ದು. ಅದ್ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ 3.

ಗದಗ = ಗ, ದ, ಗ. ಬೈಟಲ್ಲಿ ಬರೆದ್ರೆ 224 178 151, 224 178 166, 224 178 151. ಒಟ್ಟು ಒಂಬತ್ತು, ನಿಮ್ಮ ಎಸ್‌ಟಿಆರ್‌ಲೆನ್ ಸರಿಯಾಗೇ ಹೇಳಿದೆ. ಈಗ ಇದನ್ನ ಹಿಂದಿನಿಂದ ಓದಿ, 151 178 224 ಅಂತ ಶುರು ಆಗುತ್ತೆ, ಮುಂದಿನಿಂದ ಓದಿದ್ರೆ 224. ಮೊದಲನೇ ಹೆಜ್ಜೇಲೇ ಬೇರೆ ಬೇರೆ, ಪ್ರೋಗ್ರಾಂ ಅಲ್ಲ ಅಂದಿದ್ದು ನ್ಯಾಯಾನೇ. ಮೈನಸ್ ಬಂದಿದ್ದು ಯಾಕಂದ್ರೆ ನಿಮ್ಮ ಮೆಷಿನ್‌ನಲ್ಲಿ ಕ್ಯಾರ್ ಅನ್ನೋದು -128 ರಿಂದ 127 ರ ತನಕ, 224 ಅಲ್ಲಿ ಹಿಡಿಸಲ್ಲ, 256 ಕಳೆದು -32 ಅಂತ ತೋರಿಸುತ್ತೆ. ಅನ್‌ಸೈನ್ಡ್ ಕ್ಯಾರ್ ಮಾಡಿ ನೋಡಿ, ಸರಿ ಹೋಗುತ್ತೆ.

ಇನ್ನೊಂದು, ಇದು ಬೈಗುಳ ಅಂದ್ಕೊಳ್ಳಿ. 20ರ ಅರೇಗೆ 21 ಬೈಟು, ಕೊನೆಗೆ ಶಬ್ದ ಮುಗೀತು ಅನ್ನೋ ಗುರುತಿಗೆ ಒಂದು ಸೊನ್ನೆ ಬೇರೆ ಸೇರಿ 22 ತುಂಬಿಸಿದ್ದೀರ. ಪಕ್ಕದ ಮನೆ ಜಾಗಕ್ಕೆ ಎರಡಡಿ ಕಾಂಪೌಂಡ್ ಹಾಕಿದ ಹಾಗೆ, ಸದ್ಯ ಅಲ್ಲಿ ಯಾರೂ ಇರ್ಲಿಲ್ಲ ಅಂತ ಬಚಾವ್ ಆದ್ರಿ. ಸಿ ಕೇಳೋದೂ ಇಲ್ಲ ತಡೆಯೋದೂ ಇಲ್ಲ.

---

ಹಳೇ_ಟರ್ಬೊ

ಓದಿ ಖುಷಿ ಆಯ್ತು ತಮ್ಮಾ. ನಾವು ಓದುವಾಗ ನೀಲಿ ಸ್ಕ್ರೀನಿನ ಟರ್ಬೊ ಸಿ, ಕಂಟ್ರೋಲ್ ಎಫ್9 ಒತ್ತಿದ್ರೆ ರನ್, ಆಲ್ಟ್ ಎಫ್5 ಒತ್ತಿದ್ರೆ ಔಟ್‌ಪುಟ್. ಅದ್ರಲ್ಲಿ ಇಂಟ್ (ಪೂರ್ಣಾಂಕ ಇಡೋ ಟೈಪ್) ಅಂದ್ರೆ 32767ಕ್ಕೆ ಮುಗೀತು, ಅದಕ್ಕೆ ಒಂದು ಕೂಡಿಸಿದ್ರೆ -32768. ನಾನು ಫ್ಯಾಕ್ಟೋರಿಯಲ್ 8 ಹಾಕಿ ಮೈನಸ್ ಬಂದಾಗ ಕಂಪ್ಯೂಟರ್ ಕೆಟ್ಟಿದೆ ಅಂತ ಬೇರೆ ಸಿಸ್ಟಮ್ಮಿಗೆ ಹೋಗಿ ಕೂತವನು, ಅದಕ್ಕೆ ಹೋಲಿಸಿದ್ರೆ ನೀನು ಎಷ್ಟೋ ಮೇಲು. ಆಗ ಕನ್ನಡ ಫೈಲಲ್ಲಿ ನುಡಿ ಫಾಂಟ್ ಇಲ್ಲ ಅಂದ್ರೆ ಬರೀ ಇಂಗ್ಲಿಷ್ ಕಸ ಕಾಣೋದು, ಒಂದು ಅರ್ಜಿ ಪ್ರಿಂಟ್ ತೆಗೆಯೋಕೆ ಮೂರು ಸೈಬರ್ ಕೆಫೆ ಸುತ್ತಿದ್ದೀನಿ, ಇರ್ಲಿ ಅದು ಬೇರೆ ಕಥೆ.

ಈಗ ವಿಕಟಕವಿ ವಿಷಯ. ಅಲ್ಲಿ ಇನ್ನೊಂದು ಗಂಟಿದೆ. ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ರೂಪಿಸಿದ ಕೀಬೋರ್ಡಲ್ಲಿ "ವಿ" ಹೇಗೆ ಟೈಪ್ ಮಾಡ್ತೀಯ? ಮೊದ್ಲು ವ ಕೀ, ಆಮೇಲೆ ಇ ಕೀ. ಒಳಗೂ ಹಾಗೇ ಕೂತಿರುತ್ತೆ, ವ ಒಂದು ಸಂಕೇತ, ಗುಡಿಸು ಇನ್ನೊಂದು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುತ್ತೀವಲ್ಲ, ಅದಕ್ಕೂ ಒಂದು ಸಂಕೇತ ಇದೆ. ಯೂನಿಕೋಡಲ್ಲಿ (ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪಟ್ಟಿ) ಕನ್ನಡಕ್ಕೆ 3200 ರಿಂದ 3327 ತನಕ ಜಾಗ ಕೊಟ್ಟಿದ್ದಾರೆ, ಅದ್ರಲ್ಲಿ ವ 3253, ಗುಡಿಸು 3263. ಹಾಗಾಗಿ ವಿಕಟಕವಿ ಐದಲ್ಲ, ಏಳು ಸಂಕೇತ, ಏಳು ಮೂರಲ ಇಪ್ಪತ್ತೊಂದು. ಬೈಟ್ ಬಿಟ್ಟು ಸಂಕೇತದ ಲೆಕ್ಕದಲ್ಲಿ ತಿರುಗಿಸಿದ್ರೂ ಗುಡಿಸು ವ ಮುಂದೆ ಬಂದು ಕೂರುತ್ತೆ. ಒಂದನೇ ಕ್ಲಾಸಲ್ಲಿ "ಕ ಗುಡಿಸು ಕಿ" ಅಂತ ರಾಗವಾಗಿ ಹೇಳಿಸ್ತಿದ್ರಲ್ಲ, ಅದನ್ನೇ ಪ್ರೋಗ್ರಾಮಿಗೂ ಹೇಳಿಕೊಡಬೇಕು. ಮೊದ್ಲು ಪೈಥಾನಲ್ಲಿ ಮಾಡು, ಅಲ್ಲಿ ಸ್ಟ್ರಿಂಗ್ ಅಂದ್ರೆ ಸಂಕೇತಗಳ ಸಾಲು, ಬೈಟ್ ತಲೆನೋವು ಇರಲ್ಲ.

---

ಕ್ಯಾಂಪಸ್_ಕಿಂಗ್

ಸರಿ ಒಪ್ಪಿದೆ, ಕ್ಯಾರ್ ಒಂದು ಬೈಟ್ ಅಂತ ಬಾಯಲ್ಲಿ ಹೇಳ್ತಿದ್ದೆ, ಹಿಂಗೆ ಯೋಚನೆ ಮಾಡಿರ್ಲಿಲ್ಲ 😅

---

ಗದಗ_ಟು_ಗದಗ

ಹಾಸನದ ಅಕ್ಕಾರ, ಟರ್ಬೊ ಅಣ್ಣಾರ, ಭಾಳ ಭಾಳ ಥ್ಯಾಂಕ್ಸ್ ರಿ. ಮೂರು ದಿನ ಇದನ್ನ ಹಿಡ್ಕೊಂಡು ಕುಂತಿದ್ದೆ, ಮನಿಯಾಗ ಅವ್ವ ರೊಟ್ಟಿ ಆರಿ ಹೋಗಾಕತ್ತಾವ ಅಂತ ಒದರಿದ್ರೂ ಎದ್ದಿಲ್ಲ.

ಪೈಥಾನ್‌ನಾಗ ಸುಮ್ನ ತಿರುವಿ ಹಾಕಿದೆ, ಗದಗ ಪಾಸ್! ವಿಕಟಕವಿ ಫೇಲ್, ನೀವು ಹೇಳಿದಂಗ ಗುಡಿಸು ಮುಂದ ಬಂದು ನಿಂತಿತ್ತು. ಆಮ್ಯಾಲ ಎರಡ ನಿಯಮ ಹಾಕಿದೆ. ಬಂದ ಸಂಕೇತ ಇಳಿ, ಗುಡಿಸು, ಕೊಂಬು, ಸೊನ್ನಿ ಇಂಥಾದ್ದು ಇದ್ರ ಹಿಂದಿನ ತುಂಡಿಗೆ ಹಚ್ಚು. ಹಿಂದಿನ ತುಂಡು 3277 ರಿಂದ ಮುಗಿದಿದ್ರ (ಅದ ಎಫ್ ಒತ್ತಿದಾಗ ಬರೂದು) ಆಗೂ ಅದಕ್ಕ ಹಚ್ಚು. ಇಲ್ಲಂದ್ರ ಹೊಸಾ ತುಂಡು. ವಿಕಟಕವಿ ಪಾಸ್, ನವಜೀವನ ಪಾಸ್. "ಕನ್ನಡ" ತಿರುವಿದ್ರ "ಡನ್ನಕ" ಅಂತ ನೆಟ್ಟಗ ಬಂತು, ಮೊದಲ ನನ್ ಸಿ ಪ್ರೋಗ್ರಾಂನಾಗ ಬರೇ ಪ್ರಶ್ನಾರ್ಥಕ ಚಿಹ್ನೆ ಬರ್ತಿದ್ವು. ತಂಗಿಗೆ ತೋರಿಸಿದೆ, ಅಕಿ ಓಣ್ಯಾಗಿನ ಎಲ್ಲಾರ ಹೆಸರೂ ತಿರುವಿ ತಿರುವಿ ನಗಾಕತ್ತಾಳ.

ಒಂದ ವಿಚಿತ್ರ ನೋಡಿದೆ. ಸೆಮ್ ಪೂರ್ತಿ ಫಾರ್ ಲೂಪ್, ಇಫ್ ಎಲ್ಸ್ ಪರೀಕ್ಷಾಕ್ಕ ಬರದೀನಿ, ಆದ್ರ ಈ ಎರಡ ನಿಯಮ ಬರಿಯೂವಾಗ ಮೊದಲ ಸಲ ಇಫ್ ಯಾಕ ಬೇಕು ಅನ್ನೂದು ನಂಗ ಬೇಕಾಗಿ ಬರದೆ. ಈಗ ಹೊಳ್ಳಿ ಸಿ ಒಳಗ ಮಾಡಾಕತ್ತೀನಿ, ಅರೇ ಈ ಸಲ 200 ಇಟ್ಟೀನಿ ಅಕ್ಕಾರ.

ಆದ್ರ ಇನ್ನೊಂದ ಸಿಕ್ಕೈತಿ. ಮೊಬೈಲ್‌ನಾಗ ಬರೆದ "ಬಸ್‌ಗೆ" ಕಾಪಿ ಮಾಡಿ ಹಾಕಿದೆ. ಬೆರಳಾಗ ಎಣಿಸಿದ್ರ ಐದು ಸಂಕೇತ, ಬ, ಸ, 3277, ಗ, ಏತ್ವ. ಪೈಥಾನ್ ಆರು ಅಂತೈತಿ. ನಂಬರ್ ಪ್ರಿಂಟ್ ಮಾಡಿದ್ರ ನಟ್ಟನಡುವ 8204 ಅಂತ ಒಂದು ಕುಂತೈತಿ, ಸ್ಕ್ರೀನ್ ಮ್ಯಾಲ ಏನೂ ಕಾಣೂದಿಲ್ಲ. ಇದ್ಯಾವ ದೆವ್ವ ರಿ?

---

ಹಾಸನದೋಳು

ಅಯ್ಯೋ ಅದಾ 😂 ಅದನ್ನ ಅಳಿಸಿ ಮತ್ತೆ ಪ್ರಿಂಟ್ ಮಾಡಿ, "ಬಸ್ಗೆ" ಅಂತ ಒತ್ತಕ್ಷರ ಆಗಿಬಿಡುತ್ತೆ, ಆಗ ಗೊತ್ತಾಗುತ್ತೆ ಅದು ಅಲ್ಲಿ ಯಾಕೆ ಕೂತಿದೆ ಅಂತ. ಮೊದ್ಲು ಹೋಗಿ ರೊಟ್ಟಿ ತಿನ್ನಿ.