ಸಹಾಯ ಬೇಕು: 2007ರ ಐರನ್ ಮೇಡನ್ ಶೋ ಟಿಕೆಟ್ ಯಾರ ಹತ್ತಿರವಾದರೂ ಇದೆಯಾ?

2007ರ ಮಾರ್ಚ್ 17ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿತ್ತಲ್ಲ, ಆ ಶೋ ನೋಡಿದವರು ಇಲ್ಲಿದ್ದೀರಾ? ನಾನೂ ಅಣ್ಣನೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದೆವು. ದೆಹಲಿಯ ಪರಿಕ್ರಮ ಬ್ಯಾಂಡ್ ಇತ್ತು, ಮೇಡನ್‌ನ ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಕೂಡ ಹಾಡಿದ್ದಳು. ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಗೆ ಬಂದಾಗ ಎಂಥಾ ನೂಕುನುಗ್ಗಲು! ನನ್ನ ಚಪ್ಪಲಿ ಅಲ್ಲೇ ಹೋಯ್ತು. ಬರಿಗಾಲಲ್ಲೇ ಮೆಜೆಸ್ಟಿಕ್‌ಗೆ ಬಂದೆ.

ಆ ಟಿಕೆಟ್ ಚೂರನ್ನು ಅಣ್ಣ ಇಷ್ಟು ವರ್ಷ ಜೋಪಾನ ಮಾಡಿದ್ದ. ಹೋದ ವಾರ ಅವನ ಪ್ಯಾಂಟ್ ಜೊತೆ ವಾಷಿಂಗ್ ಮೆಷಿನ್‌ಗೆ ಹೋಯಿತು. ಹಾಕಿದ್ದು ನಾನೇ, ಇನ್ನೂ ಹೇಳಿಲ್ಲ. ಟಿಕೆಟ್ ಇಟ್ಟುಕೊಂಡವರು ಎರಡೂ ಬದಿ ಸ್ಕ್ಯಾನ್ ಮಾಡಿ ಕಳಿಸ್ತೀರಾ? ಜನರ ಗುಂಪಿನ ಫೋಟೋ ಇದ್ದರೂ ಕಳಿಸಿ. ನಾವು ವೇದಿಕೆಯ ಎಡಗಡೆ, ಸ್ಪೀಕರ್ ಹತ್ತಿರ ಇದ್ದೆವು.